ಫಿಫ್ತ್ ವೀಲ್ ಟ್ರೇಲರ್‌ಗೆ ತಕ್ಕ ಪಿಕಪ್ ಯಾವುದು? ಎಳೆಯುವ ಬಲಕ್ಕಿಂತ ಹೊರುವ ಬಲವೇ ಮುಖ್ಯ

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗಿಬಂದ ಕನ್ನಡಿಗರು ಅಲ್ಲಿನ ಹೆದ್ದಾರಿಗಳಲ್ಲಿ ಕಂಡು ಬೆರಗಾಗುವ ನೋಟಗಳಲ್ಲಿ ಒಂದು, ಪಿಕಪ್ ಟ್ರಕ್ಕಿನ ಬೆನ್ನೇರಿ ಸಾಗುವ ಮನೆ. ಅಡುಗೆಮನೆ, ಮಲಗುವ ಕೋಣೆ, ಸ್ನಾನದ ಮನೆ, ಸೋಫಾ, ಹವಾನಿಯಂತ್ರಣ ಎಲ್ಲವೂ ಇರುವ, ಹತ್ತು ಹನ್ನೆರಡು ಮೀಟರ್ ಉದ್ದದ ಈ ಮನೆಗೆ ಫಿಫ್ತ್ ವೀಲ್ ಟ್ರೇಲರ್ ಎಂದು ಹೆಸರು. ನಿವೃತ್ತಿಯ ಬಳಿಕ ಸ್ವಂತ ಮನೆಯನ್ನು ಮಾರಿ, ಇಂಥದೊಂದು ಟ್ರೇಲರ್‌ನಲ್ಲೇ ವರ್ಷವಿಡೀ ಬದುಕುತ್ತ ಊರಿಂದೂರಿಗೆ ಸಂಚರಿಸುವ ದಂಪತಿಗಳ ಸಂಖ್ಯೆ ಅಲ್ಲಿ ಕಡಿಮೆಯೇನಿಲ್ಲ. ಅವರ ಪಾಲಿಗೆ ಟ್ರೇಲರ್ ಮತ್ತು ಅದನ್ನು ಎಳೆಯುವ ಟ್ರಕ್ ಎರಡೂ ಸೇರಿ ಜೀವಮಾನದ ಉಳಿತಾಯ. ಟ್ರಕ್ಕಿನ ಆಯ್ಕೆಯಲ್ಲಿ ಎಡವಿದರೆ ಹಣ ಹೋಗುವುದು ಮಾತ್ರವಲ್ಲ, ಮೊದಲ ಬೆಟ್ಟದ ಇಳಿಜಾರಿನಲ್ಲೇ ಜೀವಕ್ಕೂ ಸಂಚಕಾರ ಬರಬಹುದು.

ಹೀಗೆ ಎಡವುವವರಲ್ಲಿ ಹೆಚ್ಚಿನವರು ನಂಬುವುದು ಜಾಹೀರಾತಿನ ಒಂದೇ ಒಂದು ಅಂಕಿಯನ್ನು. 'ಇಷ್ಟು ಸಾವಿರ ಪೌಂಡ್ ಎಳೆಯಬಲ್ಲದು' ಎಂಬ ದೊಡ್ಡ ಅಕ್ಷರದ ಘೋಷಣೆ ಅದು. ವಾಸ್ತವದಲ್ಲಿ ಫಿಫ್ತ್ ವೀಲ್ ವಿಷಯದಲ್ಲಿ ಆ ಮಿತಿ ಮುಟ್ಟುವ ಬಹು ಮೊದಲೇ ಬೇರೊಂದು ಮಿತಿ ಮುಗಿದಿರುತ್ತದೆ. ಟ್ರಕ್ ತನ್ನ ಬೆನ್ನ ಮೇಲೆ ಎಷ್ಟು ಹೊರಬಲ್ಲದು ಎಂಬುದೇ ಆ ಮಿತಿ.

ಹೆಸರು ಬಂದ ಬಗೆ

'ಐದನೆಯ ಚಕ್ರ' ಎಂಬ ಹೆಸರು ಕುದುರೆಗಾಡಿಯ ಕಾಲದ್ದು. ನಾಲ್ಕು ಚಕ್ರದ ಗಾಡಿಯ ಮುಂದಿನ ಅಚ್ಚು ಎಡಬಲಕ್ಕೆ ತಿರುಗಲೆಂದು, ಅಚ್ಚಿನ ಮೇಲೆ ಚಕ್ರದಾಕಾರದ ಬಳೆಯೊಂದನ್ನು ಅಡ್ಡಲಾಗಿ ಮಲಗಿಸಿ ಜೋಡಿಸುತ್ತಿದ್ದರು. ನೆಲಕ್ಕೆ ತಾಗದ ಈ ಬಳೆಯೇ ಐದನೆಯ ಚಕ್ರ. ಮೋಟಾರು ಯುಗ ಬಂದಾಗ ಇದೇ ತತ್ವ ಲಾರಿಗಳಿಗೆ ಒದಗಿತು. 1914ರಲ್ಲಿ ಡೆಟ್ರಾಯಿಟ್‌ನ ಕಮ್ಮಾರ ಆಗಸ್ಟ್ ಫ್ರೂಹಾಫ್, ಮರದ ವ್ಯಾಪಾರಿಯೊಬ್ಬರ ದೋಣಿ ಸಾಗಿಸಲು ಫೋರ್ಡ್ ಮಾಡೆಲ್ ಟಿ ಕಾರಿನ ಹಿಂದೆ ಕಟ್ಟುವ ಅರೆಟ್ರೇಲರ್ ತಯಾರಿಸಿಕೊಟ್ಟರು. ಅದರಿಂದ ಮುಂದೆ ದೊಡ್ಡ ಉದ್ಯಮವೇ ಬೆಳೆಯಿತು. ವಸತಿ ಟ್ರೇಲರ್‌ಗೆ ಈ ಜೋಡಣೆಯನ್ನು ತಂದವರಲ್ಲಿ ವಿಮಾನ ತಂತ್ರಜ್ಞಾನದ ಪ್ರವರ್ತಕ ಗ್ಲೆನ್ ಕರ್ಟಿಸ್ ಪ್ರಮುಖರು. 1920ರ ದಶಕದ ಕೊನೆಯಲ್ಲಿ ಅವರು ರೂಪಿಸಿದ 'ಏರೋಕಾರ್' ಟ್ರೇಲರ್‌ನ ಮುಂಭಾಗ, ಎಳೆಯುವ ಕಾರಿನ ಹಿಂದಿನ ಅಚ್ಚಿನ ಮೇಲೆ ಕೂರುತ್ತಿತ್ತು.

ಇಂದು ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಪಟ್ಟಣದ ಸುತ್ತಮುತ್ತ ಅಮೆರಿಕದ ವಸತಿ ಟ್ರೇಲರ್‌ಗಳ ಬಹುಪಾಲು ತಯಾರಾಗುತ್ತದೆ. ಜೋಡಣೆಯ ತತ್ವ ಕರ್ನಾಟಕಕ್ಕೂ ಅಪರಿಚಿತವಲ್ಲ. ನವಮಂಗಳೂರು ಬಂದರಿನಿಂದ ಕಂಟೇನರ್ ಹೊತ್ತು ಘಾಟಿ ಹತ್ತುವ ಟ್ರೇಲರ್ ಲಾರಿಯಲ್ಲಿ, ಎಂಜಿನ್ ಭಾಗದ ಹಿಂದಿರುವ ಗ್ರೀಸ್ ಬಳಿದ ಉಕ್ಕಿನ ತಟ್ಟೆಯೇ ಈ ಐದನೆಯ ಚಕ್ರ. ಅಮೆರಿಕದಲ್ಲಿ ಅದೇ ತಟ್ಟೆಯ ಚಿಕ್ಕ ರೂಪವನ್ನು ಪಿಕಪ್ಪಿನ ತೆರೆದ ಬಾಡಿಯೊಳಗೆ ಕೂರಿಸುತ್ತಾರೆ.

ಮುಂಭಾರದ ಗುಣ, ಮುಂಭಾರದ ಬೆಲೆ

ಸಾಮಾನ್ಯ ಟ್ರೇಲರ್ ವಾಹನದ ಹಿಂದಿನ ಬಂಪರ್ ಕೆಳಗಿರುವ ಉಂಡೆಗೆ ಕೊಂಡಿಯಾಗುತ್ತದೆ. ಕೊಂಡಿ ಹಿಂದಿನ ಅಚ್ಚಿನಿಂದ ಮೀಟರಿಗೂ ಹೆಚ್ಚು ಹಿಂದಿರುವುದರಿಂದ ಟ್ರೇಲರ್ ಅತ್ತಿತ್ತ ಓಲಾಡಿದರೆ ಅದು ವಾಹನದ ಬಾಲವನ್ನೂ ಹಿಡಿದು ಅಲುಗಾಡಿಸುತ್ತದೆ. ಫಿಫ್ತ್ ವೀಲ್‌ನಲ್ಲಿ ಕೊಂಡಿ ಇರುವುದು ಹಿಂದಿನ ಅಚ್ಚಿನ ನೇರಕ್ಕೆ ಅಥವಾ ಅದಕ್ಕಿಂತ ತುಸು ಮುಂದೆ. ಟ್ರೇಲರ್‌ನ ಓಲಾಟಕ್ಕೆ ಸನ್ನೆಗೋಲಿನ ಬಲ ಸಿಗದು. ಭಾರದ ಟ್ರೇಲರ್‌ಗಳಿಗೆ ಈ ವಿಧಾನವನ್ನೇ ಆಯ್ದುಕೊಳ್ಳಲು ಇದೇ ಕಾರಣ.

ಆದರೆ ಈ ಗುಣಕ್ಕೆ ಬೆಲೆ ತೆರಬೇಕು. ಎತ್ತಿನ ಗಾಡಿ ಹೂಡಿದವರಿಗೆ ಮುಂಭಾರ, ಹಿಂಭಾರದ ವ್ಯತ್ಯಾಸ ತಿಳಿದಿರುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು ನೊಗ ಎತ್ತಿನ ಕೊರಳನ್ನು ಬಿಗಿಯುತ್ತದೆ; ಮುಂಭಾರ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಫಿಫ್ತ್ ವೀಲ್ ಟ್ರೇಲರನ್ನು ಬೇಕೆಂದೇ ಮುಂಭಾರವಾಗಿ ಕಟ್ಟಿರುತ್ತಾರೆ. ಬಂಪರ್‌ಗೆ ಕಟ್ಟುವ ಟ್ರೇಲರ್ ತನ್ನ ತೂಕದ ಶೇ. 10ರಿಂದ 15ರಷ್ಟನ್ನು ಕೊಂಡಿಯ ಮೇಲೆ ಹೇರಿದರೆ, ಫಿಫ್ತ್ ವೀಲ್ ಸಾಮಾನ್ಯವಾಗಿ ಶೇ. 20ರ ಆಸುಪಾಸು, ಕೆಲವೊಮ್ಮೆ ಶೇ. 25ರಷ್ಟನ್ನು ಹೇರುತ್ತದೆ. ಇದನ್ನು ಪಿನ್ ತೂಕ ಎನ್ನುತ್ತಾರೆ. ಈ ತೂಕವೆಲ್ಲ ಟ್ರಕ್ಕಿನ ಹಿಂದಿನ ಅಚ್ಚು, ಹಿಂದಿನ ಸ್ಪ್ರಿಂಗ್ ಮತ್ತು ಹಿಂದಿನ ಟೈರುಗಳ ಹೆಗಲಿಗೆ ಬೀಳುತ್ತದೆ.

ಅರಿತಿರಬೇಕಾದ ಐದು ಮಿತಿಗಳು

ಪ್ರತಿ ಟ್ರಕ್ಕಿಗೂ ತಯಾರಕರು ನಿಗದಿಪಡಿಸಿದ ಮಿತಿಗಳಿರುತ್ತವೆ. ಇವುಗಳಲ್ಲಿ ಯಾವುದೊಂದನ್ನು ಮೀರಿದರೂ ಟ್ರಕ್ ಅಧಿಕ ಭಾರ ಹೊತ್ತಂತೆಯೇ.

ಗರಿಷ್ಠ ಒಟ್ಟು ತೂಕ: ಟ್ರಕ್ಕಿನ ಸ್ವಂತ ತೂಕ, ಇಂಧನ, ಜನ, ಸಾಮಾನು, ಪಿನ್ ತೂಕ ಎಲ್ಲವೂ ಸೇರಿ ಮೀರಬಾರದ ಮಿತಿ. ಲೇಬಲ್‌ಗಳಲ್ಲಿ ಇದನ್ನು ಜಿವಿಡಬ್ಲ್ಯುಆರ್ ಎಂಬ ಹ್ರಸ್ವನಾಮದಿಂದ ಸೂಚಿಸಿರುತ್ತಾರೆ.

ಪೇಲೋಡ್: ಗರಿಷ್ಠ ಒಟ್ಟು ತೂಕದಲ್ಲಿ ಟ್ರಕ್ಕಿನ ಸ್ವಂತ ತೂಕ ಕಳೆದರೆ ಉಳಿಯುವ, ಹೊರಬಹುದಾದ ಭಾರ.

ಅಚ್ಚಿನ ಮಿತಿ: ಮುಂದಿನ ಮತ್ತು ಹಿಂದಿನ ಅಚ್ಚುಗಳು ತಾಳಬಲ್ಲ ಭಾರ, ಪ್ರತ್ಯೇಕವಾಗಿ. ಫಿಫ್ತ್ ವೀಲ್ ವಿಷಯದಲ್ಲಿ ಹಿಂದಿನದೇ ನಿರ್ಣಾಯಕ.

ಜೋಡಿ ತೂಕದ ಮಿತಿ: ಟ್ರಕ್ ಮತ್ತು ಟ್ರೇಲರ್ ಎರಡೂ ತುಂಬಿದ ಸ್ಥಿತಿಯಲ್ಲಿ ಒಟ್ಟಾಗಿ ಮೀರಬಾರದ ತೂಕ.

ಎಳೆಯುವ ಮಿತಿ: ಜಾಹೀರಾತಿನಲ್ಲಿ ಕಾಣುವ ಅಂಕಿ.

ಗರಿಷ್ಠ ಒಟ್ಟು ತೂಕ 10,000 ಪೌಂಡ್, ಅಂದರೆ ಸುಮಾರು 4,536 ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ಇರುವ ಟ್ರಕ್ಕುಗಳಲ್ಲಿ, ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿದ ಟೈರು ಮತ್ತು ಭಾರದ ಲೇಬಲ್ ಮೇಲೆ ಜನ ಹಾಗೂ ಸಾಮಾನಿನ ಒಟ್ಟು ತೂಕ ಇಷ್ಟನ್ನು ಮೀರಕೂಡದೆಂದು ಸ್ಪಷ್ಟವಾಗಿ ಮುದ್ರಿಸಿರುತ್ತಾರೆ. ನಂಬಬೇಕಾದ ಅಂಕಿ ಅದು. ಕೈಪಿಡಿಯ ಸಾಮಾನ್ಯ ಪಟ್ಟಿಯದಲ್ಲ. ಕಾರಣ, ಒಂದೇ ಮಾದರಿಯ ಎರಡು ಟ್ರಕ್ಕುಗಳ ಪೇಲೋಡ್ ಕೂಡ ಒಂದೇ ಆಗಿರುವುದಿಲ್ಲ. ನಾಲ್ಕು ಚಕ್ರಗಳ ಚಾಲನೆ, ಗಾಜಿನ ಛಾವಣಿ, ಚರ್ಮದ ವಿದ್ಯುತ್ ಆಸನ, ದೊಡ್ಡ ಕ್ಯಾಬಿನ್, ಡೀಸೆಲ್ ಎಂಜಿನ್ ಇವುಗಳಲ್ಲಿ ಪ್ರತಿಯೊಂದೂ ಟ್ರಕ್ಕಿನ ಸ್ವಂತ ತೂಕ ಹೆಚ್ಚಿಸಿ, ಅಷ್ಟೇ ಪ್ರಮಾಣದ ಪೇಲೋಡನ್ನು ಕಿತ್ತುಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ಟ್ರಕ್ಕುಗಳಲ್ಲಿ, ಪೂರ್ತಿ ಟ್ಯಾಂಕ್ ಇಂಧನ ತುಂಬಿಸಿ ತೂಕ ಹಾಕಿಸಿ, ಬಂದ ಅಂಕಿಯನ್ನು ಲೇಬಲ್ಲಿನ ಗರಿಷ್ಠ ಒಟ್ಟು ತೂಕದಿಂದ ಕಳೆಯುವುದೇ ನಿಖರವಾದ ದಾರಿ.

ಒಂದು ಲೆಕ್ಕ

ಉದಾಹರಣೆಗೆ ಗರಿಷ್ಠ ಒಟ್ಟು ತೂಕ 14,000 ಪೌಂಡ್, ಅಂದರೆ ಸುಮಾರು 6,350 ಕೆ.ಜಿ. ಇರುವ ಟ್ರೇಲರನ್ನು ತೆಗೆದುಕೊಳ್ಳಬಹುದು. ಇದು ದೊಡ್ಡ ಫಿಫ್ತ್ ವೀಲ್‌ಗಳ ಸಾಲಿನಲ್ಲಿ ಮಧ್ಯಮ ಗಾತ್ರದ್ದು.

ಪಿನ್ ತೂಕ ಶೇ. 20ರಂತೆ: 1,270 ಕೆ.ಜಿ.
ಬಾಡಿಯೊಳಗಿನ ಹಿಚ್: 80 ಕೆ.ಜಿ.
ದಂಪತಿ ಇಬ್ಬರು: 160 ಕೆ.ಜಿ.
ಉಪಕರಣ, ಸಾಮಾನು, ಸಾಕುನಾಯಿ ಇತ್ಯಾದಿ: 115 ಕೆ.ಜಿ.
ಒಟ್ಟು: 1,625 ಕೆ.ಜಿ.

ಟ್ರಕ್ಕಿಗೆ ಇಷ್ಟು ಪೇಲೋಡ್ ಇರಲೇಬೇಕು. ಪಿನ್ ತೂಕ ಶೇ. 25 ಆದಲ್ಲಿ ಬೇಡಿಕೆ ಇನ್ನೂ 317 ಕೆ.ಜಿ. ಏರಿ ಸುಮಾರು 1,940 ಕೆ.ಜಿ. ತಲುಪುತ್ತದೆ. 'ಎಳೆಯುವ ಮಿತಿ 15,000 ಪೌಂಡ್' ಎಂದು ಪ್ರಚಾರವಾಗುವ, ಆದರೆ ಪೇಲೋಡ್ 1,100 ಕೆ.ಜಿ. ಮಾತ್ರ ಇರುವ ಟ್ರಕ್ 14,000 ಪೌಂಡಿನ ಈ ಟ್ರೇಲರನ್ನು ಎಳೆಯುವುದು ನಿಜ. ಆದರೆ ಅದು ತನ್ನ ಮಿತಿಗಿಂತ ಅರ್ಧ ಟನ್ನಿನಷ್ಟು ಹೆಚ್ಚು ಭಾರ ಹೊತ್ತಿರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಲೆಕ್ಕಕ್ಕೆ ಟ್ರೇಲರ್‌ನ 'ಖಾಲಿ ತೂಕ'ವನ್ನು ಹಿಡಿಯುವುದು ಇನ್ನೊಂದು ಸಾಮಾನ್ಯ ತಪ್ಪು. ಮಾರಾಟಗಾರರ ಕರಪತ್ರದಲ್ಲಿರುವ ಖಾಲಿ ತೂಕದಲ್ಲಿ ನೀರಾಗಲಿ, ಬಟ್ಟೆಬರೆಯಾಗಲಿ, ಪಾತ್ರೆ ಪಡಗವಾಗಲಿ ಸೇರಿರುವುದಿಲ್ಲ. 60 ಗ್ಯಾಲನ್ ನೀರಿನ ತೊಟ್ಟಿಯೊಂದು ತುಂಬಿದರೆ ಅದರಲ್ಲಿರುವುದು ಸುಮಾರು 227 ಲೀಟರ್ ನೀರು, ಅಷ್ಟೇ ಕಿಲೋ ಭಾರ. ಮನೆಯನ್ನೇ ಬಿಟ್ಟು ಹೊರಟವರ ಟ್ರೇಲರ್ ಬಹುಬೇಗ ತನ್ನ ಗರಿಷ್ಠ ಮಿತಿಯ ಹತ್ತಿರ ಬರುವುದರಿಂದ ಗರಿಷ್ಠ ತೂಕವನ್ನೇ ಆಧಾರವಾಗಿ ಹಿಡಿಯುವುದು ವಿವೇಕ.

ಅರ್ಧ ಟನ್, ಮುಕ್ಕಾಲು ಟನ್, ಒಂದು ಟನ್

ಅಮೆರಿಕದ ಪಿಕಪ್‌ಗಳನ್ನು ಇಂದಿಗೂ ಹೀಗೆಯೇ ವಿಂಗಡಿಸುವುದು ರೂಢಿ. ಫೋರ್ಡ್ ಎಫ್-150, ಷೆವರ್ಲೆ ಸಿಲ್ವರಾಡೊ 1500, ರ‍್ಯಾಮ್ 1500 ಅರ್ಧ ಟನ್ನಿನವು. ಎಫ್-250 ಮತ್ತು 2500 ಸಂಖ್ಯೆಯವು ಮುಕ್ಕಾಲು ಟನ್. ಎಫ್-350 ಮತ್ತು 3500 ಸಂಖ್ಯೆಯವು ಒಂದು ಟನ್. ಹಿಂದೊಂದು ಕಾಲದಲ್ಲಿ ಅವು ಹೊರುತ್ತಿದ್ದ ಭಾರದಿಂದ ಬಂದ ಹೆಸರುಗಳಿವು. ಇಂದಿನ ಟ್ರಕ್ಕುಗಳು ಹೆಸರಿಗಿಂತ ಬಹಳ ಹೆಚ್ಚು ಹೊರುತ್ತವೆ.

ಅರ್ಧ ಟನ್ ಟ್ರಕ್ಕುಗಳ ಪೇಲೋಡ್ ಸ್ಥೂಲವಾಗಿ 635ರಿಂದ 900 ಕೆ.ಜಿ. ಆಸುಪಾಸಿನಲ್ಲಿರುತ್ತದೆ. ಹಗುರ ಫಿಫ್ತ್ ವೀಲ್‌ಗಳ ಹೊರತು ಉಳಿದವು ಇವುಗಳ ಅಳವಿಗೆ ಮೀರಿದ್ದು. ಮುಕ್ಕಾಲು ಟನ್ ವರ್ಗದಲ್ಲಿ ಒಂದು ವಿಚಿತ್ರವಿದೆ. ಇವುಗಳಲ್ಲಿ ಅನೇಕವುಗಳ ಗರಿಷ್ಠ ಒಟ್ಟು ತೂಕವನ್ನು 10,000 ಪೌಂಡಿನ ಗೆರೆಯೊಳಗೇ ನಿಲ್ಲಿಸಲಾಗಿರುತ್ತದೆ. ಭಾರದ ಡೀಸೆಲ್ ಎಂಜಿನ್, ದೊಡ್ಡ ಕ್ಯಾಬಿನ್, ನಾಲ್ಕು ಚಕ್ರಗಳ ಚಾಲನೆ ಸೇರಿದಾಗ ಸ್ವಂತ ತೂಕವೇ ಮೂರೂವರೆ ಟನ್ ಸಮೀಪಿಸಿ, ಹೊರಲು ಉಳಿಯುವುದು ಒಂದು ಟನ್ನಿನ ಆಸುಪಾಸು ಮಾತ್ರ. ಅದೇ ಟ್ರಕ್ ಪೆಟ್ರೋಲ್ ಎಂಜಿನ್‌ನೊಂದಿಗೆ ಬಂದರೆ ಹೆಚ್ಚು ಭಾರ ಹೊರುತ್ತದೆ. ಹೆಚ್ಚು ಎಳೆಯಬಲ್ಲ ಡೀಸೆಲ್ ಟ್ರಕ್ ಕಡಿಮೆ ಹೊರುವ ಈ ವಿರೋಧಾಭಾಸವೇ ಎಷ್ಟೋ ಕೊಳ್ಳುಗರನ್ನು ದಾರಿ ತಪ್ಪಿಸಿದೆ.

ಒಂದು ಟನ್ ವರ್ಗದಲ್ಲಿ ಎರಡು ಬಗೆ. ಹಿಂದಿನ ಅಚ್ಚಿಗೆ ಒಂದೊಂದೇ ಚಕ್ರವಿರುವ ಟ್ರಕ್ ಸಾಮಾನ್ಯವಾಗಿ 1,600ರಿಂದ 2,000 ಕೆ.ಜಿ.ವರೆಗೆ ಹೊರುತ್ತದೆ. ಪ್ರತಿ ಪಕ್ಕದಲ್ಲೂ ಜೋಡಿ ಚಕ್ರವಿರುವ 'ಡ್ಯೂಯಲಿ' ಎರಡೂಕಾಲು ಟನ್ನಿನಿಂದ ಮೇಲಕ್ಕೆ ಹೊರಬಲ್ಲದು. ಮೇಲಿನ ಲೆಕ್ಕದ ಟ್ರೇಲರ್‌ಗೆ ಒಂದೊಂದೇ ಚಕ್ರದ ಒಂದು ಟನ್ ಟ್ರಕ್ ಕಷ್ಟಪಟ್ಟು ಸಾಲುತ್ತದೆ, 7,000 ಕೆ.ಜಿ. ದಾಟಿದ ಟ್ರೇಲರ್‌ಗೆ ಡ್ಯೂಯಲಿಯೇ ಸರಿ. ಒಂದು ಟೈರು ಒಡೆದರೂ ಪಕ್ಕದ ಟೈರು ಹಿಡಿದು ನಿಲ್ಲಿಸುವುದು ಡ್ಯೂಯಲಿಯ ದೊಡ್ಡ ಅನುಕೂಲ. ಆದರೆ ಅದರ ಅಗಲ ಸುಮಾರು 2.4 ಮೀಟರ್. ಪೇಟೆಯ ಪಾರ್ಕಿಂಗ್ ಗೆರೆಗಳೊಳಗೆ ಅದು ಹಿಡಿಸದು ಎಂಬುದನ್ನೂ ಕೊಳ್ಳುವ ಮುನ್ನ ಯೋಚಿಸಬೇಕು.

ಎಂಜಿನ್, ಗೇರ್ ಮತ್ತು ಎತ್ತರ

ಎಂಜಿನ್ ಬಲದ ಪೈಪೋಟಿ ಇತ್ತೀಚಿನ ವರ್ಷಗಳಲ್ಲಿ ತುದಿ ಮುಟ್ಟಿದೆ. 2023ರ ಮಾದರಿಯ ಫೋರ್ಡ್ ಸೂಪರ್ ಡ್ಯೂಟಿ ಶ್ರೇಣಿಯಲ್ಲಿ 6.7 ಲೀಟರ್ ಡೀಸೆಲ್ ಎಂಜಿನ್ನಿನ ಹೆಚ್ಚಿನ ಬಲದ ರೂಪ 500 ಅಶ್ವಶಕ್ತಿ ನೀಡಿತು. ಗರಿಷ್ಠ ಎಳೆಯುವ ಮಿತಿ 40,000 ಪೌಂಡ್ ಎಂದು ಘೋಷಿಸಲಾಯಿತು. ರ‍್ಯಾಮ್‌ನ 6.7 ಲೀಟರ್ ಕಮಿನ್ಸ್, ಜನರಲ್ ಮೋಟಾರ್ಸ್‌ನ 6.6 ಲೀಟರ್ ಡ್ಯೂರಾಮ್ಯಾಕ್ಸ್ ಕೂಡ ಇದೇ ಸಾಲಿನವು. ಈ ಎಂಜಿನ್‌ಗಳಿಗೆ ಮಧ್ಯಮ ಗಾತ್ರದ ಫಿಫ್ತ್ ವೀಲ್ ದೊಡ್ಡ ಹೊರೆಯೇ ಅಲ್ಲ.

ಎಳೆಯುವ ಮಿತಿಯನ್ನು ಕಂಪನಿಗಳು ಮನಬಂದಂತೆ ಘೋಷಿಸುತ್ತಿದ್ದ ಕಾಲವೊಂದಿತ್ತು. 2008ರಲ್ಲಿ ಪ್ರಕಟವಾದ ಎಸ್‌ಎಇ ಜೆ2807 ಎಂಬ ಮಾನದಂಡ ಇದಕ್ಕೆ ಕಡಿವಾಣ ಹಾಕಿತು. ಅರಿಜೋನಾದ ಡೇವಿಸ್ ಅಣೆಕಟ್ಟಿನ ಬಳಿಯ ಏರಿನಲ್ಲಿ, ಸುಮಾರು 18 ಕಿ.ಮೀ. ದೂರವನ್ನು ಸುಡುಬಿಸಿಲಿನಲ್ಲಿ, ಹವಾನಿಯಂತ್ರಣ ಪೂರ್ತಿ ಚಾಲೂ ಇಟ್ಟು, ಗಂಟೆಗೆ 64 ಕಿ.ಮೀ. ವೇಗಕ್ಕಿಂತ ಕೆಳಗಿಳಿಯದೆ ಹತ್ತಬೇಕೆಂಬುದು ಇದರ ಪರೀಕ್ಷೆಗಳಲ್ಲೊಂದು. ಡ್ಯೂಯಲಿಗಳಿಗೆ ಈ ಮಿತಿ 56 ಕಿ.ಮೀ. ಆದರೂ ಈ ಪರೀಕ್ಷೆಯಲ್ಲಿ ಟ್ರಕ್ಕಿನೊಳಗೆ ಇರುತ್ತಾರೆಂದು ಎಣಿಸುವುದು ತಲಾ 68 ಕೆ.ಜಿ.ಯ ಇಬ್ಬರನ್ನು ಮಾತ್ರ. ಸಂಸಾರ ಸಮೇತ ಹೊರಟವರಿಗೆ ಈ ಎಣಿಕೆ ಹೊಂದುವುದಿಲ್ಲ.

ಪೆಟ್ರೋಲೋ ಡೀಸೆಲ್ಲೋ ಎಂಬ ಪ್ರಶ್ನೆಗೆ ಉತ್ತರ ಸಂಚರಿಸುವ ಪ್ರದೇಶವನ್ನು ಅವಲಂಬಿಸಿದೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್, ಪ್ರತಿ 300 ಮೀಟರ್ ಎತ್ತರಕ್ಕೆ ಶೇ. 3ರಷ್ಟು ಬಲ ಕಳೆದುಕೊಳ್ಳುತ್ತದೆ. ಕೊಲರಾಡೊದ ಐಸೆನ್‌ಹೋವರ್ ಸುರಂಗದ ಎತ್ತರ ಸುಮಾರು 3,400 ಮೀಟರ್. ಅಲ್ಲಿ ಅಂಥ ಎಂಜಿನ್‌ನ ಬಲ ಮೂರನೇ ಒಂದು ಭಾಗದಷ್ಟು ಕುಗ್ಗಿರುತ್ತದೆ. ಟರ್ಬೊ ಇರುವ ಡೀಸೆಲ್ ಈ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಬಯಲುಸೀಮೆಯಲ್ಲೇ, ವರ್ಷಕ್ಕೆ ನಾಲ್ಕಾರು ಬಾರಿ ಮಾತ್ರ ಎಳೆಯುವವರಿಗೆ ಪೆಟ್ರೋಲ್ ಟ್ರಕ್ ಸಾಕಾಗುತ್ತದೆ. ಅದರ ಬೆಲೆಯೂ ಕಡಿಮೆ. ಡೀಸೆಲ್ಲೇ ಇದ್ದರೂ ಭಾರದ ಟ್ರೇಲರ್ ಎಳೆಯುವಾಗ ಲೀಟರ್‌ಗೆ 4 ಕಿ.ಮೀ. ಆಸುಪಾಸು ಸಿಗುತ್ತದೆಂದು ಲೆಕ್ಕ ಹಾಕಿಕೊಳ್ಳುವುದು ಒಳಿತು.

ಹಿಂದಿನ ಅಚ್ಚಿನ ಗೇರ್ ಅನುಪಾತವನ್ನೂ ವಿಚಾರಿಸಬೇಕು. 3.42, 3.73, 4.10 ಮುಂತಾದ ಸಂಖ್ಯೆಗಳಲ್ಲಿ ದೊಡ್ಡದು ಚಕ್ರಕ್ಕೆ ಹೆಚ್ಚು ತಿರುಚುಬಲ ನೀಡುತ್ತದೆ, ಇಂಧನ ಮಾತ್ರ ತುಸು ಹೆಚ್ಚು ಬೇಡುತ್ತದೆ. ಒಂದೇ ಟ್ರಕ್ಕಿನ ಎಳೆಯುವ ಮಿತಿ ಈ ಅನುಪಾತದಿಂದಲೇ ಸಾವಿರಾರು ಪೌಂಡ್ ವ್ಯತ್ಯಾಸವಾಗುವುದುಂಟು.

ಏರಿಗಿಂತ ಇಳಿಜಾರು ಕಠಿಣ

ಏರಿನಲ್ಲಿ ಬಲ ಸಾಲದಿದ್ದರೆ ವಾಹನ ನಿಧಾನವಾಗುತ್ತದೆ, ಅಷ್ಟೇ. ಇಳಿಜಾರಿನಲ್ಲಿ ಬಲ ಸಾಲದಿದ್ದರೆ ವಾಹನ ನಿಲ್ಲುವುದೇ ಇಲ್ಲ. ಐಸೆನ್‌ಹೋವರ್ ಸುರಂಗದಿಂದ ಪಶ್ಚಿಮಕ್ಕೆ ಸಿಲ್ವರ್‌ಥಾರ್ನ್ ಪಟ್ಟಣದವರೆಗೆ ರಸ್ತೆ ಸುಮಾರು 13 ಕಿ.ಮೀ. ದೂರದಲ್ಲಿ 640 ಮೀಟರ್‌ನಷ್ಟು ಕೆಳಗಿಳಿಯುತ್ತದೆ. ಟ್ರಕ್ ಮತ್ತು ಟ್ರೇಲರ್ ಸೇರಿ 10 ಟನ್ ಇದ್ದರೆ, ಈ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ ಸುಮಾರು 17 ಯೂನಿಟ್ ವಿದ್ಯುತ್ತಿಗೆ ಸಮ. ಸಾಧಾರಣ ಮನೆಯೊಂದು ಹಲವು ದಿನ ಬಳಸುವ ಶಕ್ತಿ ಅದು. ಹನ್ನೆರಡು ಹದಿಮೂರು ನಿಮಿಷದಲ್ಲಿ ಅಷ್ಟೂ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಬ್ರೇಕನ್ನೇ ಸತತವಾಗಿ ಒತ್ತಿ ಹಿಡಿದರೆ ಅದೆಲ್ಲ ಶಾಖವಾಗಿ ಬ್ರೇಕ್ ಪಟ್ಟಿಗಳನ್ನು ಸೇರುತ್ತದೆ. ಕಾದ ಬ್ರೇಕ್ ಹಿಡಿತ ಕಳೆದುಕೊಳ್ಳುತ್ತದೆ.

ಹತ್ತಿದ ಗೇರಿನಲ್ಲೇ ಇಳಿಯಬೇಕೆಂದು ಶಿರಾಡಿ, ಚಾರ್ಮಾಡಿ ಘಾಟಿಗಳ ಲಾರಿ ಚಾಲಕರು ಹೊಸಬರಿಗೆ ಹೇಳುವ ಮಾತು ಇಲ್ಲೂ ಸಲ್ಲುತ್ತದೆ. ಇಂದಿನ ಡೀಸೆಲ್ ಪಿಕಪ್‌ಗಳಲ್ಲಿರುವ ಎಕ್ಸಾಸ್ಟ್ ಬ್ರೇಕ್ ಹೊಗೆನಳಿಕೆಯ ಹರಿವನ್ನು ಬಿಗಿದು, ಎಂಜಿನ್‌ನಿಂದಲೇ ವೇಗ ತಗ್ಗಿಸುತ್ತದೆ. ಪರ್ವತ ಪ್ರದೇಶಕ್ಕೆ ಭಾರದ ಟ್ರೇಲರ್ ಒಯ್ಯುವವರು ಡೀಸೆಲ್ ಆಯ್ದುಕೊಳ್ಳಲು, ಏರಿನ ಬಲಕ್ಕಿಂತಲೂ ಇದು ದೊಡ್ಡ ಕಾರಣ. ಇಳಿಜಾರು ಆರಂಭವಾಗುವ ಮೊದಲೇ ಎಳೆಯುವ ಕ್ರಮಕ್ಕೆ ಮೀಸಲಾದ 'ಟೋ-ಹಾಲ್' ಗುಂಡಿ ಒತ್ತಿ, ಕೆಳಗಿನ ಗೇರಿಗೆ ಇಳಿಸಿ, ಬ್ರೇಕನ್ನು ಬಿಟ್ಟು ಬಿಟ್ಟು ಒತ್ತುವುದು ಸರಿಯಾದ ಕ್ರಮ.

ಬಾಡಿಯ ಉದ್ದ ಮತ್ತು ಹಿಚ್

ಟ್ರಕ್ ಆಯ್ಕೆಯಾದ ಬಳಿಕ ಅದನ್ನು ಸಜ್ಜುಗೊಳಿಸುವ ಕೆಲಸ. ಎಂಟು ಅಡಿಯ ಉದ್ದ ಬಾಡಿ ಫಿಫ್ತ್ ವೀಲ್‌ಗೆ ಅತ್ಯುತ್ತಮ. ಆರೂವರೆ ಅಡಿಯ ಗಿಡ್ಡ ಬಾಡಿಯಲ್ಲಿ ಕ್ಯಾಬಿನ್ ಮತ್ತು ಹಿಚ್ ನಡುವಿನ ಅಂತರ ಕಡಿಮೆ. ಹಿಂದಕ್ಕೆ ತೆಗೆಯುವಾಗ ತೀರಾ ಕಡಿದಾಗಿ ತಿರುಗಿಸಿದರೆ ಟ್ರೇಲರ್‌ನ ಮೂಗು ಕ್ಯಾಬಿನ್ನಿಗೆ ಬಡಿದು ಹಿಂಗಾಜು ಪುಡಿಯಾಗುತ್ತದೆ. ಗಿಡ್ಡ ಬಾಡಿಯ ಟ್ರಕ್ಕೇ ಇದ್ದವರು, ತಿರುವಿನಲ್ಲಿ ಹಿಂದಕ್ಕೆ ಸರಿಯುವ ಸ್ಲೈಡರ್ ಹಿಚ್ ಹಾಕಿಸುವುದು ವಾಡಿಕೆ.

ಹಿಚ್ ಕೂರಿಸಲು ಎರಡು ವಿಧಾನಗಳಿವೆ. ಚಾಸಿಗೆ ಬೋಲ್ಟ್ ಮಾಡಿದ ಹಳಿಗಳ ಮೇಲೆ ಕೂರಿಸುವುದು ಒಂದು. ಟ್ರಕ್ ತಯಾರಕರೇ ಬಾಡಿಯ ನೆಲದಲ್ಲಿ ಒದಗಿಸಿದ ಕುಳಿಗಳಿಗೆ ಹಿಚ್ಚಿನ ಕಾಲುಗಳನ್ನು ಸಿಕ್ಕಿಸುವುದು ಇನ್ನೊಂದು. ಎರಡನೆಯದರಲ್ಲಿ ಹಿಚ್ಚನ್ನು ಎತ್ತಿಟ್ಟರೆ ಬಾಡಿ ಖಾಲಿಯಾಗುತ್ತದೆ. ಹೊಸ ಟ್ರಕ್ ಕೊಳ್ಳುವಾಗಲೇ ಈ ಸೌಲಭ್ಯ ಕೇಳಿ ಪಡೆಯುವುದು ಅಗ್ಗ. ಹಿಚ್ಚಿನ ಮಿತಿ ಟ್ರೇಲರ್‌ನ ಗರಿಷ್ಠ ತೂಕಕ್ಕಿಂತ ಹೆಚ್ಚಿರಲೇಬೇಕು. ಟ್ರೇಲರ್‌ನಿಂದ ಕೆಳಗಿಳಿಯುವ ಎರಡು ಅಂಗುಲ ದಪ್ಪದ ಕಿಂಗ್‌ಪಿನ್ನನ್ನು ಹಿಚ್ಚಿನ ದವಡೆಗಳು ಸುತ್ತಲೂ ಕಚ್ಚಿ ಹಿಡಿಯುತ್ತವೆ.

ಎತ್ತರದ ಹೊಂದಾಣಿಕೆಯೂ ಅಷ್ಟೇ ಮುಖ್ಯ. ಜೋಡಿಸಿದ ಬಳಿಕ ಟ್ರೇಲರ್ ನೆಲಕ್ಕೆ ಸಮಾನಾಂತರವಾಗಿರಬೇಕು. ಮೂಗು ಮೇಲಕ್ಕಿದ್ದರೆ ಹಿಂದಿನ ಅಚ್ಚಿಗೆ, ಕೆಳಕ್ಕಿದ್ದರೆ ಮುಂದಿನ ಅಚ್ಚಿಗೆ ಅತಿಭಾರ ಬೀಳುತ್ತದೆ. ಜತೆಗೆ ಬಾಡಿಯ ಪಕ್ಕದ ಗೋಡೆಗಳ ಮೇಲ್ತುದಿಗೂ ಟ್ರೇಲರ್‌ನ ತಳಕ್ಕೂ ನಡುವೆ ಆರು ಅಂಗುಲದಷ್ಟು ಅಂತರವಿರಬೇಕು. ಇಲ್ಲವಾದರೆ ರಸ್ತೆಯ ಉಬ್ಬುತಗ್ಗಿನಲ್ಲಿ ಟ್ರೇಲರ್ ಬಾಡಿಯ ಅಂಚಿಗೆ ಬಡಿಯುತ್ತದೆ. ಇಂದಿನ ನಾಲ್ಕು ಚಕ್ರಗಳ ಚಾಲನೆಯ ಟ್ರಕ್ಕುಗಳು ಮೊದಲಿಗಿಂತ ಎತ್ತರವಾಗಿರುವುದರಿಂದ ಈ ಎರಡೂ ಷರತ್ತು ಒಟ್ಟಿಗೆ ಈಡೇರುವುದು ಕೆಲವೊಮ್ಮೆ ಕಷ್ಟ. ಟ್ರೇಲರ್ ನಿಂತಿರುವಲ್ಲಿಗೇ ಟ್ರಕ್ ಒಯ್ದು ಅಳತೆ ಮಾಡಿಸಿಯೇ ವ್ಯಾಪಾರ ಕುದುರಿಸಬೇಕು.

ಜೋಡಿಸುವಾಗ ಆಗುವ ಅತ್ಯಂತ ದುಬಾರಿ ತಪ್ಪೆಂದರೆ, ಕಿಂಗ್‌ಪಿನ್ ದವಡೆಯೊಳಗೆ ಸೇರದೆ ಅದರ ಮೇಲೇ ಕೂತಿರುವುದು. ಹೊರನೋಟಕ್ಕೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಟ್ರಕ್ ಹೊರಟೊಡನೆ ಟ್ರೇಲರ್‌ನ ಮೂಗು ಬಾಡಿಯ ಅಂಚುಗಳ ಮೇಲೆ ಕುಸಿಯುತ್ತದೆ. ಇದನ್ನು ತಪ್ಪಿಸಲು ಟ್ರೇಲರ್‌ನ ಮುಂಗಾಲುಗಳನ್ನು ಪೂರ್ತಿ ಎತ್ತುವ ಮೊದಲು, ಚಕ್ರಗಳಿಗೆ ಅಡೆ ಕೊಟ್ಟು, ಟ್ರೇಲರ್ ಬ್ರೇಕ್ ಹಿಡಿದು, ಟ್ರಕ್ಕನ್ನು ಮೆಲ್ಲನೆ ಮುಂದಕ್ಕೆ ಜಗ್ಗಿ ನೋಡಬೇಕು. ಅರ್ಧ ನಿಮಿಷದ ಈ ಪರೀಕ್ಷೆಯನ್ನು ಅನುಭವಿಗಳು ಒಮ್ಮೆಯೂ ಬಿಡುವುದಿಲ್ಲ.

ಬ್ರೇಕ್, ಟೈರು ಮತ್ತು ಗಾಳಿಚೀಲದ ಭ್ರಮೆ

ಭಾರದ ಟ್ರೇಲರ್‌ಗೆ ತನ್ನದೇ ಬ್ರೇಕ್ ಇರಬೇಕು. ಅದು ಸಾಮಾನ್ಯವಾಗಿ ವಿದ್ಯುತ್ತಿನಿಂದ ಕೆಲಸ ಮಾಡುತ್ತದೆ. ಟ್ರಕ್ಕಿನೊಳಗಿನ ಬ್ರೇಕ್ ಕಂಟ್ರೋಲರ್, ಏಳು ಪಿನ್ನಿನ ಪ್ಲಗ್ ಮೂಲಕ ಟ್ರೇಲರ್ ಬ್ರೇಕಿಗೆ ಎಷ್ಟು ವಿದ್ಯುತ್ ಹರಿಯಬೇಕೆಂದು ನಿರ್ಧರಿಸುತ್ತದೆ. ಹೊಸ ಭಾರೀ ಪಿಕಪ್‌ಗಳಲ್ಲಿ ಇದು ಕಾರ್ಖಾನೆಯಿಂದಲೇ ಬರುತ್ತದೆ. ಖಾಲಿ ಮೈದಾನದಲ್ಲಿ ನಿಧಾನವಾಗಿ ಓಡಿಸಿ, ಟ್ರೇಲರ್ ಟ್ರಕ್ಕನ್ನು ಹಿಂದಿನಿಂದ ನೂಕದಂತೆ, ಚಕ್ರಗಳೂ ಜಾರಿ ಉಜ್ಜದಂತೆ ಇದನ್ನು ಹೊಂದಿಸಿಕೊಳ್ಳಬೇಕು. ಕೊಂಡಿ ಕಳಚಿದರೆ ಟ್ರೇಲರ್ ಬ್ರೇಕನ್ನು ತಾನಾಗಿ ಹಿಡಿಸುವ ತುರ್ತು ಸ್ವಿಚ್ಚಿನ ತಂತಿಯನ್ನು ಹಿಚ್ಚಿನ ಬಿಡಿಭಾಗಕ್ಕೆ ಕಟ್ಟದೆ ಟ್ರಕ್ಕಿನ ಗಟ್ಟಿ ಭಾಗಕ್ಕೇ ಕಟ್ಟಬೇಕು. ಅದರ ಬ್ಯಾಟರಿಯನ್ನೂ ಆಗಾಗ ಪರೀಕ್ಷಿಸಬೇಕು.

ಭಾರೀ ಪಿಕಪ್‌ಗಳ ಟೈರೊಂದು ಪೂರ್ತಿ ಗಾಳಿಯೊತ್ತಡದಲ್ಲಿ ಸುಮಾರು 1,500 ಕೆ.ಜಿ. ಅಥವಾ ತುಸು ಹೆಚ್ಚು ಹೊರುತ್ತದೆ. ಒತ್ತಡ ಇಳಿದರೆ ಹೊರುವ ಮಿತಿಯೂ ಇಳಿಯುತ್ತದೆ. ಟ್ರೇಲರ್ ಟೈರುಗಳಲ್ಲಿ ಅನೇಕವುಗಳ ವೇಗಮಿತಿ ಗಂಟೆಗೆ 65 ಮೈಲಿ, ಅಂದರೆ 105 ಕಿ.ಮೀ. ಮಾತ್ರ. ಟ್ರಕ್ ಅದಕ್ಕಿಂತ ವೇಗವಾಗಿ ಎಳೆಯಬಲ್ಲದು ಎಂಬ ಕಾರಣಕ್ಕೆ ಈ ಮಿತಿ ಮೀರುವುದೇ ಬೇಸಿಗೆಯಲ್ಲಿ ಟೈರು ಒಡೆಯಲು ಒಂದು ಕಾರಣ.

ಭಾರಕ್ಕೆ ಟ್ರಕ್ಕಿನ ಹಿಂಭಾಗ ಕುಸಿದರೆ ಹಿಂದಿನ ಸ್ಪ್ರಿಂಗ್‌ಗಳ ನಡುವೆ ಗಾಳಿಚೀಲ ಕೂರಿಸಿ ಎತ್ತುವವರಿದ್ದಾರೆ. ಟ್ರಕ್ ನೆಟ್ಟಗೆ ನಿಲ್ಲುತ್ತದೆ, ಹೆಡ್‌ಲೈಟ್ ಆಕಾಶ ನೋಡುವುದು ತಪ್ಪುತ್ತದೆ. ಆದರೆ ಅಚ್ಚು, ಬೇರಿಂಗ್, ಬ್ರೇಕ್, ಚಾಸಿ, ಟೈರು ಎಲ್ಲವೂ ಮೊದಲಿನವೇ. ಗಾಳಿಚೀಲ ಹಾಕಿದ್ದರಿಂದ ಬಾಗಿಲ ಲೇಬಲ್ಲಿನ ಅಂಕಿ ಒಂದು ಕಿಲೋ ಕೂಡ ಹೆಚ್ಚಾಗುವುದಿಲ್ಲ. ಮಿತಿಯೊಳಗಿನ ಭಾರವನ್ನು ಸಮತೋಲನಗೊಳಿಸಲು ಅದು ಉಪಯುಕ್ತ. ಮಿತಿ ಮೀರಿದ ಭಾರವನ್ನು ಮರೆಮಾಚಲು ಬಳಸಿದರೆ ಅಪಾಯಕಾರಿ.

ಕೊನೆಯ ಮಾತು ವೇಬ್ರಿಡ್ಜಿನದು

ಕಾಗದದ ಲೆಕ್ಕ ಎಷ್ಟೇ ಚೊಕ್ಕವಾಗಿದ್ದರೂ ತೂಕ ಹಾಕಿಸದೆ ಅದು ಅಪೂರ್ಣ. ಅಮೆರಿಕದ ಹೆದ್ದಾರಿ ಬದಿಯ ಟ್ರಕ್ ತಂಗುದಾಣಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ಹೆಸರಿನ ವೇಬ್ರಿಡ್ಜ್‌ಗಳಿವೆ. ಟ್ರಕ್ಕಿನ ಮುಂದಿನ ಅಚ್ಚು ಒಂದು ತಟ್ಟೆಯ ಮೇಲೆ, ಹಿಂದಿನದು ಎರಡನೆಯದರ ಮೇಲೆ, ಟ್ರೇಲರ್ ಅಚ್ಚುಗಳು ಮೂರನೆಯದರ ಮೇಲೆ ನಿಲ್ಲುವಂತೆ ಹೊಂದಿಸಿದರೆ ಮೂರೂ ತೂಕ ಪ್ರತ್ಯೇಕವಾಗಿ ಮುದ್ರಣವಾಗಿ ಕೈಸೇರುತ್ತವೆ. ಬಳಿಕ ಟ್ರೇಲರ್ ಕಳಚಿ ಟ್ರಕ್ಕನ್ನು ಮಾತ್ರ ತೂಗಬೇಕು. ಮೊದಲ ಸಲದ ಟ್ರಕ್ಕಿನ ತೂಕದಲ್ಲಿ ಎರಡನೆಯದನ್ನು ಕಳೆದರೆ ಬರುವುದೇ ನಿಜವಾದ ಪಿನ್ ತೂಕ. ನೀರು, ಬಟ್ಟೆ, ಪಾತ್ರೆ, ಜನ ಎಲ್ಲವೂ ಪ್ರಯಾಣದ ದಿನದಂತೆಯೇ ಇದ್ದಾಗ ತೂಗಿಸಿದರೆ ಮಾತ್ರ ಪ್ರಯೋಜನ. ಬಂದ ಅಂಕಿಗಳು ಎಲ್ಲ ಮಿತಿಗಳಿಗಿಂತ ಶೇ. 10ರಷ್ಟಾದರೂ ಕೆಳಗಿದ್ದರೆ ನೆಮ್ಮದಿ.

ಚಾಲನಾ ಪರವಾನಗಿಯ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಫಿಫ್ತ್ ವೀಲ್‌ನ ಗರಿಷ್ಠ ತೂಕ 10,000 ಪೌಂಡ್ ದಾಟಿ 15,000ದೊಳಗಿದ್ದರೆ ಸಾಮಾನ್ಯ ಪರವಾನಗಿಗೆ ಹೆಚ್ಚುವರಿ ಅನುಮೋದನೆ ಬೇಕು. 15,000 ಪೌಂಡ್ ಮೀರಿದರೆ ವಾಣಿಜ್ಯೇತರ 'ಕ್ಲಾಸ್ ಎ' ಪರವಾನಗಿಯೇ ಬೇಕು. ಟೆಕ್ಸಾಸ್‌ನಲ್ಲಿ ಜೋಡಿ ತೂಕದ ಮಿತಿ 26,000 ಪೌಂಡ್ ದಾಟಿ, ಟ್ರೇಲರ್ 10,000 ಪೌಂಡಿಗಿಂತ ಹೆಚ್ಚಿದ್ದರೆ ಮೇಲ್ದರ್ಜೆಯ ಪರವಾನಗಿ ಅಗತ್ಯ. ಸುಮಾರು 13 ಅಡಿ ಎತ್ತರದ ಟ್ರೇಲರ್‌ಗಳಿಗೆ ಹಳೆಯ ಸೇತುವೆಗಳ ಕೆಳಗಿನ ಎತ್ತರದ ಫಲಕವೂ ಗಮನಾರ್ಹ.

ಮೊದಲು ಟ್ರೇಲರ್, ನಂತರ ಟ್ರಕ್

ಎಲ್ಲ ಲೆಕ್ಕಗಳ ಸಾರ ಕೊಳ್ಳುವ ಕ್ರಮದಲ್ಲಿದೆ. ಟ್ರಕ್ಕನ್ನು ಮೊದಲೇ ಕೊಂಡವರು, ಮನಸ್ಸಿಗೊಪ್ಪಿದ ಟ್ರೇಲರ್ ಅದಕ್ಕೆ ಭಾರವೆಂದು ತಿಳಿದಾಗ, ವರ್ಷದೊಳಗೆ ಟ್ರಕ್ಕನ್ನು ನಷ್ಟಕ್ಕೆ ಮಾರಿ ಇನ್ನೊಂದನ್ನು ಕೊಳ್ಳಬೇಕಾದ ಇಕ್ಕಟ್ಟಿಗೆ ಸಿಲುಕುತ್ತಾರೆ. ಸೌಕರ್ಯಗಳಿರುವ ಒಂದು ಟನ್ ಡೀಸೆಲ್ ಟ್ರಕ್ಕಿನ ಬೆಲೆ ಎಪ್ಪತ್ತು ಎಂಬತ್ತು ಸಾವಿರ ಡಾಲರ್ ದಾಟುವ ಈ ದಿನಗಳಲ್ಲಿ ಅದು ಸಣ್ಣ ಹೊಡೆತವಲ್ಲ. ಹಾಗೆಂದು ಭಾರವನ್ನು ಕಡೆಗಣಿಸಿ ಹೊರಟರೆ ಬೆಲೆ ತೆರುವವರಲ್ಲಿ ಇಳಿಜಾರಿನಲ್ಲಿ ಎದುರಾದ ಇತರರೂ ಸೇರಿರುತ್ತಾರೆ.

ಆದ್ದರಿಂದ ಯಾವ ಟ್ರೇಲರ್ ಬೇಕೆಂಬುದನ್ನು ಮೊದಲು ಕಾಗದದ ಮೇಲೆ ತೀರ್ಮಾನಿಸಬೇಕು. ಅದರ ಗರಿಷ್ಠ ಒಟ್ಟು ತೂಕದ ಐದನೆಯ ಒಂದರಿಂದ ನಾಲ್ಕನೆಯ ಒಂದು ಭಾಗವನ್ನು ಪಿನ್ ತೂಕವೆಂದು ಹಿಡಿದು, ಹಿಚ್, ಜನ ಮತ್ತು ಸಾಮಾನಿನ ತೂಕ ಸೇರಿಸಬೇಕು. ಬಂದ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡು ಮಳಿಗೆಗೆ ಹೋಗಿ, ಕೊಳ್ಳಲಿರುವ ಟ್ರಕ್ಕಿನ ಬಾಗಿಲು ತೆರೆದು ಲೇಬಲ್ ಓದಬೇಕು. ಲೇಬಲ್ಲಿನ ಅಂಕಿ ಚೀಟಿಯ ಅಂಕಿಗಿಂತ ಕಡಿಮೆಯಿದ್ದರೆ ಆ ಟ್ರಕ್ಕಿನ ಎಂಜಿನ್ ಎಷ್ಟೇ ಬಲಿಷ್ಠವಾಗಿದ್ದರೂ ಮುಂದಿನ ಟ್ರಕ್ಕಿನತ್ತ ಹೆಜ್ಜೆ ಹಾಕುವುದೇ ಲೇಸು.